ಕಾಡಿನ ಖರ್ಚು ಯಾರ ಖಾತೆಗೆ?

ಇಬ್ಬರ ಮಾತಿದು. ಒಬ್ಬರು ಶಿರಸಿ ಸೀಮೆಯ ಅಡಿಕೆ ತೋಟಿಗರು, ಎಪ್ಪತ್ತರ ಹತ್ತಿರದವರು. ಇನ್ನೊಬ್ಬಳು ಅವರ ತಂಗಿಯ ಮಗಳು. ದೊಡ್ಡ ಯೋಜನೆಗಳಿಗೆ ಲಾಭ-ನಷ್ಟದ ವರದಿ ತಯಾರಿಸಿಕೊಡುವ ಬೆಂಗಳೂರಿನ ಕಚೇರಿಯೊಂದರಲ್ಲಿ ಅವಳ ಕೆಲಸ. ಇಬ್ಬರಿಗೂ ಲೆಕ್ಕ ಚೆನ್ನಾಗಿ ಬರುತ್ತದೆ. ಅದಕ್ಕೇ ಜಗಳ ಬೇಗ ಮುಗಿಯುವುದಿಲ್ಲ.

ಮಾವ: ಒಂದು ಹೆಕ್ಟೇರು ಕಾಡಿಗೆ ಈಗ ರೇಟು ಎಷ್ಟು ನಡೀತಾ ಇದೆ?

ಸೊಸೆ: ಅಡಿಕೆ ರೇಟು ಕೇಳಿದ ಹಾಗೆ ಕೇಳ್ತೀರಲ್ಲ ಮಾವ! ರೇಟು ಇರೋದಂತೂ ನಿಜ. ಅರಣ್ಯ ಭೂಮಿಯನ್ನು ಗಣಿಗೋ ರಸ್ತೆಗೋ ತಗೊಳ್ಳೋರು ಅದರ ‘ನಿವ್ವಳ ಪ್ರಸ್ತುತ ಮೌಲ್ಯ’ ಕಟ್ಟಬೇಕು ಅಂತ 2002ರಲ್ಲಿ ಸುಪ್ರೀಂ ಕೋರ್ಟು ಗೋದಾವರ್ಮನ್ ಮೊಕದ್ದಮೆಯಲ್ಲಿ ಹೇಳ್ತು. 2008ರಲ್ಲಿ ದರಪಟ್ಟಿ ಬಂತು. ಕಾಡಿನ ಜಾತಿ, ದಟ್ಟಣೆ ನೋಡಿ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷದವರೆಗೆ. 2022ರಲ್ಲಿ ಏರಿಸಿದ ಮೇಲೆ ಸುಮಾರು 9.6 ಲಕ್ಷದಿಂದ 16 ಲಕ್ಷ. ಅಭಯಾರಣ್ಯವಾದರೆ ಐದು ಪಟ್ಟು, ರಾಷ್ಟ್ರೀಯ ಉದ್ಯಾನವಾದರೆ ಹತ್ತು ಪಟ್ಟು.

ಮಾವ: ಹೆಕ್ಟೇರಿಗೆ ಹದಿನಾರು ಅಂದ್ರೆ ಎಕರೆಗೆ ಆರೂವರೆ ಲಕ್ಷ. ಅಷ್ಟಕ್ಕೆ ಶಿರಸಿ ಪೇಟೆಯಲ್ಲಿ ಮನೆ ಕಟ್ಟೋಕೆ ಒಂದು ಸೈಟು ಬರೋದು ಅನುಮಾನ. ಒಂದು ಎಕರೆ ಮಳೆಕಾಡು ಬರ್ತದೆ.

ಸೊಸೆ: ಕಡಿಮೆ ಅಂತ ನಾನೂ ಒಪ್ತೇನೆ. ಅದಕ್ಕಿಂತ ಮೊದಲು ಎಷ್ಟಿತ್ತು ಹೇಳಿ? ಸೊನ್ನೆ. ಕಾಡು ಕಡಿದಾಗ ನಾಟಾ ಮಾರಿ ಬಂದ ದುಡ್ಡು ಜಮೆಯಲ್ಲಿ ಕಾಣ್ತಿತ್ತು. ಖರ್ಚಿನ ಕಡೆಗೆ ಕಾಡು ಅನ್ನೋ ಹೆಸರೇ ಇರ್ತಿರಲಿಲ್ಲ. ಸೊನ್ನೆಗಿಂತ ಹತ್ತು ಲಕ್ಷ ವಾಸಿ ಅಲ್ವಾ?

ಮಾವ: ಅದನ್ನ ನನಗೆ ಹೇಳ್ತೀಯಾ? ಬೇಡ್ತಿ ಹೊಳೆಗೆ ಅಣೆಕಟ್ಟು ಕಟ್ಟಿ ಕರೆಂಟು ತೆಗೀತೇವೆ ಅಂದಾಗ ನನಗೆ ಇಪ್ಪತ್ತೈದು. ಈಚೆಯವರು ಹೋರಾಟ ಅಂದ್ರೆ ಮೆರವಣಿಗೆ ಅಂದ್ಕೊಂಡಿದಾರೆ. ಅವತ್ತಿನ ಹೋರಾಟದ ಬಲ ಲೆಕ್ಕದಲ್ಲಿತ್ತು. ಅಡಿಕೆ ಮಾರೋ ನಮ್ಮ ಟಿಎಸ್‌ಎಸ್ ಸೊಸೈಟಿಯೇ ಮುಂದೆ ನಿಂತು 1981ರ ಜನವರಿಯಲ್ಲಿ ಶಿರಸಿಯಲ್ಲಿ ವಿಚಾರ ಸಂಕಿರಣ ಮಾಡ್ತು. ಅಡಿಕೆ ಮಂಡಿಯವರಿಗೂ ವಿಜ್ಞಾನಿಗಳಿಗೂ ಏನು ಸಂಬಂಧ ಹೇಳು! ಆದರೂ ಕೂತು ಕೇಳಿದ್ರು. ಮುಳುಗೋ ಅಡಿಕೆ, ಏಲಕ್ಕಿ, ಕಾಳುಮೆಣಸು, ಕಾಡಿನ ಹುಟ್ಟುವಳಿ ಎಲ್ಲ ಹಿಡಿದು ಮರುಲೆಕ್ಕ ಮಾಡಿದ್ರೆ, ಸರ್ಕಾರದ ಕಾಗದದಲ್ಲಿ ಲಾಭದ್ದು ಅಂತಿದ್ದ ಯೋಜನೆ ನಷ್ಟಕ್ಕೆ ಬಿತ್ತು. ಯೋಜನೆಯೂ ನಿಂತಿತು.

ಸೊಸೆ: ಹಾಗಾದ್ರೆ ನೀವು ಗೆದ್ದದ್ದೇ ಲೆಕ್ಕದಿಂದ. ನನ್ನ ಲೆಕ್ಕ ಕಂಡ್ರೆ ಯಾಕೆ ಸಿಟ್ಟು?

ಮಾವ: ಅವತ್ತು ಲೆಕ್ಕ ಬರೆಸಿದ್ದು ಕಳ್ಕೊಳ್ಳೋರು. ಈಗ ಬರೆಸೋದು ಪಡ್ಕೊಳ್ಳೋರು. ಪರಿಸರಕ್ಕೆ ಏನು ಹಾನಿ ಅಂತ ವರದಿ ಬರೆಯೋನಿಗೆ ಫೀಸು ಕೊಡೋದು ಯಾರು? ಆ ಯೋಜನೆ ಮಾಡೋ ಕಂಪನಿಯೇ. ನ್ಯಾಯ ಹೇಳೋನಿಗೆ ಒಂದೇ ಕಕ್ಷಿ ಸಂಬಳ ಕೊಡೋದು ನೀನು ಬೇರೆಲ್ಲಾದ್ರೂ ಕಂಡಿದೀಯಾ?

ಸೊಸೆ: ಅದು ನಿಜ. ಆದರೆ ನೀವು ತಿಳ್ಕೊಂಡ ಹಾಗೆ ನಾವು ಸುಳ್ಳು ಬರೆಯೋದಿಲ್ಲ ಮಾವ. ಅದರ ಅಗತ್ಯವೇ ಬೀಳೋದಿಲ್ಲ. ಒಂದೇ ಒಂದು ಅಂಕಿಯನ್ನ ಸ್ವಲ್ಪ ಆಚೀಚೆ ಮಾಡಿದ್ರೆ ಸಾಕು.

ಮಾವ: ಯಾವ ಅಂಕಿ?

ಸೊಸೆ: ಬಡ್ಡಿಯ ಅಂಕಿ. ಐವತ್ತು ವರ್ಷ ಬಿಟ್ಟು ಈ ಕಾಡಿನಿಂದ ನೂರು ರೂಪಾಯಿ ಪ್ರಯೋಜನ ಬರ್ತದೆ ಅಂತಿಟ್ಟುಕೊಳ್ಳಿ. ಅದರ ಇವತ್ತಿನ ಬೆಲೆ ಎಷ್ಟು? ಬಡ್ಡಿಯನ್ನ ಹಿಂದಕ್ಕೆ ತಿರುಗಿಸಿ ಲೆಕ್ಕ ಹಾಕ್ತೇವೆ. ಶೇಕಡಾ 10ರ ದರ ಹಿಡಿದ್ರೆ ಆ ನೂರು ರೂಪಾಯಿ ಇವತ್ತು 85 ಪೈಸೆ. ಶೇಕಡಾ 4 ಹಿಡಿದ್ರೆ 14 ರೂಪಾಯಿ. 2006ರಲ್ಲಿ ಬ್ರಿಟನ್ ಸರ್ಕಾರಕ್ಕೆ ಹವಾಮಾನ ಬದಲಾವಣೆಯ ವರದಿ ಕೊಟ್ಟ ನಿಕೊಲಸ್ ಸ್ಟರ್ನ್ ಹಿಡಿದದ್ದು ಸುಮಾರು 1.4. ಆ ಲೆಕ್ಕಕ್ಕೆ 50 ರೂಪಾಯಿ. ಅದೇ ಕಾಡು, ಅದೇ ಹೊಳೆ. ದರ ಮಾತ್ರ ಬೇರೆ.

ಮಾವ: ಅಂದ್ರೆ ನನ್ನ ಮೊಮ್ಮಗನ ನೂರು ರೂಪಾಯಿ ನಿನ್ನ ಕಡತದಲ್ಲಿ ರೂಪಾಯಿಯೂ ಅಲ್ಲ!

ಸೊಸೆ: ಹತ್ತು ಹಿಡಿದ್ರೆ ಅಲ್ಲ. ಇದರ ಕೊನೆ ಎಲ್ಲಿಗೆ ಮುಟ್ತದೆ ಅಂತ ಕೆನಡಾದ ಗಣಿತಜ್ಞ ಕಾಲಿನ್ ಕ್ಲಾರ್ಕ್ 1973ರಲ್ಲೇ ತೋರಿಸಿದ್ರು. ನೀಲಿ ತಿಮಿಂಗಿಲದ ಸಂತತಿ ವರ್ಷಕ್ಕೆ ಬೆಳೆಯೋದು ತೀರಾ ನಿಧಾನ. ಬ್ಯಾಂಕಿನ ದುಡ್ಡು ಅದಕ್ಕಿಂತ ಬೇಗ ಬೆಳೀತದೆ. ಆದ್ದರಿಂದ ಲಾಭವೊಂದನ್ನೇ ನೋಡೋ ಒಬ್ಬನೇ ಮಾಲೀಕನಿದ್ರೂ, ಇದ್ದಷ್ಟು ತಿಮಿಂಗಿಲ ಕೊಂದು ದುಡ್ಡು ಬ್ಯಾಂಕಿಗೆ ಹಾಕೋದೇ ಅವನಿಗೆ ಜಾಣತನ ಆಗಬಹುದು. ಹಾಗೆ ಮಾಡಿ ಅಂತ ಅವರು ಹೇಳಿದ್ದಲ್ಲ. ಲೆಕ್ಕವನ್ನ ಅದರ ಪಾಡಿಗೆ ಬಿಟ್ರೆ ಇಲ್ಲಿಗೆ ಬರ್ತದೆ ಅಂತ ಎಚ್ಚರಿಸಿದ್ದು.

ಮಾವ: ತಿಮಿಂಗಿಲದವರೆಗೆ ಯಾಕೆ ಹೋಗ್ತೀ, ನಮ್ಮ ಉಪ್ಪಾಗೆ ಮರದ ಕತೆ ನೋಡು. ನಮ್ಮ ಅಮ್ಮ ಉಪ್ಪಾಗೆ ಬೀಜದ ತುಪ್ಪ ತೆಗೀತಿದ್ರು. ಸಿಪ್ಪೆಯನ್ನ ಕೇಳೋರು ಕಡಿಮೆ. ತೊಂಬತ್ತರ ದಶಕದಲ್ಲಿ ಇದ್ದಕ್ಕಿದ್ದ ಹಾಗೆ ಪೇಟೆಯಿಂದ ಜನ ಬಂದ್ರು. ಹೊರದೇಶದವರ ಬೊಜ್ಜು ಕರಗಿಸೋ ಗುಳಿಗೆಗೆ ಇದರ ಹುಳಿ ಬೇಕಂತೆ. ರೇಟು ಏರಿತು. ಮೊದಲೆಲ್ಲ ಹಣ್ಣು ಉದುರೋವರೆಗೆ ಕಾಯ್ತಿದ್ವಿ. ಆಮೇಲೆ ಕಾಯಿ ಇದ್ದಾಗಲೇ ಕೊಯ್ಲು, ಕೊಂಬೆ ಕಡಿದು ಕೊಯ್ಲು. ಮಳೆಗಾಲದ ಬೆಳೆ ನೋಡು, ಬಿಸಿಲಿಲ್ಲ. ಸಿಪ್ಪೆ ಒಣಗಿಸೋಕೆ ಗಾಡಿಗಟ್ಟಲೆ ಕಟ್ಟಿಗೆ ಉರಿಸಿದ್ರು. ಉರಿಸಿದ್ವಿ ಅನ್ನು, ನಾನೇನು ಹೊರಗಿನವನಲ್ಲ.

ಸೊಸೆ: ಯಾಕೆ ಹಾಗೆ? ಮರ ಉಳಿದ್ರೆ ಮುಂದಿನ ವರ್ಷವೂ ದುಡ್ಡು ಬರ್ತಿತ್ತಲ್ಲ.

ಮಾವ: ಮರ ಯಾರದ್ದು? ಕಾಡು ಇಲಾಖೆಯದ್ದು, ಕೊಯ್ಯೋ ಹಕ್ಕು ಟೆಂಡರ್ ಹಿಡಿದ ಕಂತ್ರಾಟುದಾರನದ್ದು, ಮರ ಹತ್ತೋನು ಕೂಲಿಗೆ ಬಂದೋನು. ಹಣ್ಣಾಗಲಿ ಅಂತ ನಾನು ಬಿಟ್ರೆ ನಾಳೆ ಬೆಳಿಗ್ಗೆ ಇನ್ನೊಬ್ಬ ಬರ್ತಾನೆ. ಮುಂದಿನ ವರ್ಷದ ದುಡ್ಡು ನನ್ನದೇ ಅನ್ನೋ ಭರವಸೆ ಯಾರಿಗೂ ಇರಲಿಲ್ಲ.

ಸೊಸೆ: ನೋಡಿ, ಅಮೆರಿಕದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ನೊಬೆಲ್ ಬಂದದ್ದು ಇಂಥದ್ದೇ ವಿಚಾರಕ್ಕೆ. ಎಲ್ಲರದ್ದೂ ಆದದ್ದು ಹಾಳಾಗಲೇಬೇಕು ಅಂತಿಲ್ಲ. ಹಕ್ಕು ಯಾರದ್ದು, ಎಷ್ಟು ತಗೋಬಹುದು, ತಪ್ಪಿದ್ರೆ ದಂಡ ಹಾಕೋರು ಯಾರು ಅನ್ನೋದನ್ನ ಊರಿನವರೇ ಗೊತ್ತು ಮಾಡ್ಕೊಂಡ ಕಡೆ ಕಾಡು, ಮೀನು, ನೀರು ಎಲ್ಲ ತಲೆಮಾರುಗಟ್ಟಲೆ ಉಳಿದಿದೆ.

ಮಾವ: ಅದಕ್ಕೆ ಅಮೆರಿಕದವರು ಬೇಕಾ? ಕುಮಟೆ ಪಕ್ಕದ ಹಳಕಾರಕ್ಕೆ ಹೋಗಿ ಬಾ. ಮುಂಬೈ ಪ್ರಾಂತ್ಯದ ಕಾಲದಲ್ಲಿ, 1920ರ ದಶಕದಲ್ಲಿ, ಅಲ್ಲಿ ಗ್ರಾಮ ಅರಣ್ಯ ಪಂಚಾಯತಿ ಆಯಿತು. ಊರಿನವರದ್ದೇ ಕಾಡು, ಊರಿನವರದ್ದೇ ಕಾವಲುಗಾರ. ಆಮೇಲೆ ಸರ್ಕಾರ ಇಂಥ ಪಂಚಾಯತಿಗಳನ್ನ ರದ್ದು ಮಾಡೋಕೆ ಹೊರಟಿತು. ಹಳಕಾರದವರು ಕೋರ್ಟಿಗೆ ಹೋಗಿ ಉಳಿಸ್ಕೊಂಡ್ರು. ಪೇಟೆಗೆ ಅಷ್ಟು ಹತ್ತಿರ ಇದ್ದೂ ಆ ಕಾಡು ನಿಂತಿದೆ.

ಸೊಸೆ: ಹಳಕಾರ ಇರಲಿ. ನಿಮ್ಮ ಬೆಟ್ಟದ ಮಾತು ಆಡೋಣ. ಬ್ರಿಟಿಷರ ಕಾಲದಿಂದ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ. ಹಕ್ಕು ನಿಮ್ಮದೇ, ಕಂತ್ರಾಟುದಾರನ ಕಾಟ ಇಲ್ಲ, ಅಕ್ಕಪಕ್ಕದವರು ಬರೋ ಹಾಗಿಲ್ಲ. ಹಾಗಿದ್ದೂ ನಿಮ್ಮ ಬೆಟ್ಟದಲ್ಲಿ ಏನಿದೆ?

ಮಾವ: (ತಡೆದು) ಕೆಳಗಡೆ ಚೆನ್ನಾಗಿದೆ. ಮೇಲುಗಡೆ ಕರಡ.

ಸೊಸೆ: ಕರಡ ಅಂದ್ರೆ ಬೋಳು ಗುಡ್ಡ. ಸೊಪ್ಪು ಕಡಿದು ಕಡಿದು ಮರ ಬೋಟು ಆಯ್ತು, ದರಕು ಗುಡಿಸಿ ಗುಡಿಸಿ ಕೆಳಗೆ ಬೀಜ ಹುಟ್ಟೋಕೆ ಮಣ್ಣೇ ಇಲ್ಲ. ಅಣೆಕಟ್ಟಿನವರು ಮುಳುಗಿಸಿದ್ದಲ್ಲ ಅದು. ಅಡಿಕೆಗೆ ರೇಟು ಬಂದಾಗ ಹೊಸ ತೋಟ ಹಾಕಿದ್ದು ಎಲ್ಲಿ? ಬೆಟ್ಟದ ಅಂಚು ಕೆತ್ತಿಯೇ ಅಲ್ವಾ?

ಮಾವ: ಹಾಕಿದಾರೆ. ಇಲ್ಲ ಅಂತ ಯಾರು ಹೇಳಿದ್ರು? ಆದರೆ ನೀನು ಒಂದು ಬದಿ ಮಾತ್ರ ಓದ್ತಾ ಇದೀಯ. ಬೆಟ್ಟ ಕಾಯ್ದೋನಿಗೆ ಏನು ಸಿಗ್ತದೆ? ಮಂಗ ಬರ್ತದೆ, ಹಂದಿ ಬರ್ತದೆ, ಬಾಳೆಗೊನೆ ಉಳಿಯೋದಿಲ್ಲ. ಪರಿಹಾರದ ಅರ್ಜಿಗೆ ಓಡಾಡಿದ ಬಸ್ ಚಾರ್ಜೂ ಹುಟ್ಟೋದಿಲ್ಲ. ಕೆಳಗಿನ ಅಬ್ಬಿ ಮಾಘದವರೆಗೂ ಹರೀತದಲ್ಲ, ಅದು ಬೆಟ್ಟದ ದೆಸೆಯಿಂದ. ನನ್ನ ತೋಟಕ್ಕೆ ಬೇಕಾದ್ದು ಅದರಲ್ಲಿ ಎಷ್ಟು? ಮಿಕ್ಕಿದ್ದೆಲ್ಲ ಹೊಳೆಗೆ. ಆ ನೀರು ಕುಡಿಯೋನು ನನಗೆ ಒಂದು ಕಾಗದವನ್ನಾದ್ರೂ ಬರೆದಿದಾನಾ?

(ಇಲ್ಲಿ ಮಾವ ಪ್ರಶ್ನೆಯನ್ನು ಜಾಣತನದಿಂದ ತಿರುಗಿಸಿದರು ಎಂಬುದು ನನ್ನ ಅನಿಸಿಕೆ. ಬೋಳು ಗುಡ್ಡಕ್ಕೆ ಉತ್ತರ ಬರಲಿಲ್ಲ. ಆದರೆ ತಿರುಗಿಸಿದ ಜಾಗದಲ್ಲಿ ಇನ್ನೂ ದೊಡ್ಡ ಪ್ರಶ್ನೆ ಇತ್ತು, ಸೊಸೆ ಅದನ್ನೇ ಹಿಡಿದಳು.)

ಸೊಸೆ: ಕಾಯೋನು ಒಬ್ಬ, ಉಣ್ಣೋನು ಇನ್ನೊಬ್ಬ. ನಮ್ಮ ಶಾಸ್ತ್ರದ ಅರ್ಧ ತಲೆನೋವು ಅದೇ. ನಿಮ್ಮ ಶರಾವತಿಯನ್ನೇ ತಗೊಳ್ಳಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ರಾಜ್ಯದ ದೀಪ ಉರಿದದ್ದೇ ಆ ಕರೆಂಟಿನಲ್ಲಿ. ಹಿನ್ನೀರಿನ ಆಚೆ ಉಳಿದ ಊರಿನವರು ಸಾಗರ ಪೇಟೆಗೆ ಬರೋಕೆ ಲಾಂಚು ಕಾಯ್ತಾ ಕೂತ್ರು. ಸೇತುವೆ ಆದದ್ದು 2025ರ ಜುಲೈಯಲ್ಲಿ. ಅರವತ್ತು ವರ್ಷದ ಆ ಕಾಯುವಿಕೆ ಯಾವ ವರದಿಯ ಯಾವ ಕಾಲಮ್ಮಿನಲ್ಲೂ ಖರ್ಚು ಅಂತ ಬಿದ್ದಿಲ್ಲ.

ಮಾವ: ಮುಳುಗಡೆಯವರಿಗೆ ಕೊಟ್ಟ ಜಾಗದ ಹಕ್ಕುಪತ್ರದ ಗೋಳು ಇನ್ನೂ ಮುಗಿದಿಲ್ಲ. ಈಗ ಅದೇ ಕಣಿವೆಗೆ ಮತ್ತೊಂದು ತಂದಿದಾರಲ್ಲ, ನೀರನ್ನ ಮೇಲಕ್ಕೆ ಪಂಪ್ ಮಾಡಿ ಕೆಳಕ್ಕೆ ಬಿಡೋದು. ಮೇಲೆತ್ತೋಕೆ ಹೋಗೋ ಕರೆಂಟು ಕೆಳಗೆ ಬಿಟ್ಟಾಗ ಬರೋದಕ್ಕಿಂತ ಹೆಚ್ಚಂತೆ. ಇದು ಯಾವ ಊರ ವ್ಯವಹಾರ?

ಸೊಸೆ: ಅದನ್ನ ನಗೆಯಾಡೋದು ಸುಲಭ ಮಾವ. ತಲಕಳಲೆಯ ನೀರು ಗೇರುಸೊಪ್ಪೆಗೆ, ಮತ್ತೆ ಮೇಲಕ್ಕೆ. 2000 ಮೆಗಾವಾಟಿನ ಯೋಜನೆ. ಕರೆಂಟು ನಷ್ಟ ಆಗೋದು ನಿಜ, ಆದರೆ ಮಧ್ಯಾಹ್ನ ಬಿಸಿಲಿನ ಕರೆಂಟು ಬೇಕಾದಷ್ಟು, ಸಂಜೆ ಏಳಕ್ಕೆ ಎಲ್ಲರ ಮನೆಯಲ್ಲೂ ಬೇಕು. ಆ ಹೊತ್ತಿಗೆ ಕೂಡಿಡೋದು ಎಲ್ಲಿ? ಕಲ್ಲಿದ್ದಲು ಸುಡಬೇಡಿ ಅಂತೀರಿ, ಸೌರವಿದ್ಯುತ್ತು ಬೇಕು ಅಂತೀರಿ, ಕೂಡಿಡೋ ಜಾಗ ಕೇಳಿದ್ರೆ ಇಲ್ಲಿ ಬೇಡ ಅಂತೀರಿ.

ಮಾವ: ಇಲ್ಲಿ ಅನ್ನೋದು ಎಲ್ಲಿ? ಸಿಂಗಳೀಕದ ಅಭಯಾರಣ್ಯದಲ್ಲಿ. ಭೂಮಿ ಮೇಲೆ ಇನ್ನೆಲ್ಲೂ ಇಲ್ಲದೇ ಘಟ್ಟದಲ್ಲಿ ಮಾತ್ರ ಇರೋ ಪ್ರಾಣಿ ಅದು. ನೀರು ಎತ್ತೋಕೆ ಬೇರೆ ಗುಡ್ಡ ಹುಡುಕಬಹುದು. ಬ್ಯಾಟರಿ ಹುಡುಕಬಹುದು. ಹವಾನಿಯಂತ್ರಣ ಹಾಕ್ಕೊಂಡು ಮಲಗೋನು ಎರಡು ರೂಪಾಯಿ ಹೆಚ್ಚು ಕೊಡಬಹುದು. ಸಿಂಗಳೀಕ ಎಲ್ಲಿಗೆ ಹೋಗಬೇಕು?

ಸೊಸೆ: ಇದನ್ನ ಒಪ್ತೇನೆ. ದುಡ್ಡು ಕೊಟ್ರೆ ಬದಲಿ ಸಿಗೋ ವಸ್ತು ಬೇರೆ, ಸಿಗದ್ದು ಬೇರೆ. ಅವೆರಡನ್ನ ಒಂದೇ ಕೋಷ್ಟಕದಲ್ಲಿ ಕೂಡಿಸಿ ಕಳೆಯೋದು ತಪ್ಪು. ಕುದುರೆಮುಖದಲ್ಲಿ ಆದದ್ದೂ ಅದೇ. ಅದಿರು ಗಣಿಗಾರಿಕೆ ಲಾಭದ್ದೋ ನಷ್ಟದ್ದೋ ಅಂತ ಕೋರ್ಟು ತಕ್ಕಡಿ ಹಿಡೀಲಿಲ್ಲ. ರಾಷ್ಟ್ರೀಯ ಉದ್ಯಾನ, ಭದ್ರೆಯ ಮೂಲ, ಇಲ್ಲಿ ಬೇಡ ಅಂತ 2002ರಲ್ಲಿ ಹೇಳ್ತು. 2005ರ ಕೊನೆಗೆ ಗಣಿ ನಿಂತಿತು. ಆದರೆ ಅದರ ಜೊತೆಗೆ ಒಂದು ಊರೇ ಖಾಲಿ ಆಯಿತು ಅನ್ನೋದನ್ನೂ ಮರೀಬೇಡಿ.

ಮಾವ: ಮರೆತಿಲ್ಲ. ಮತ್ತೆ ಆ ಹೆಕ್ಟೇರಿನ ರೇಟಿಗೆ ಬರೋಣ. ಕಟ್ಟಿದ ದುಡ್ಡು ಎಲ್ಲಿಗೆ ಹೋಗ್ತದೆ?

ಸೊಸೆ: ಪರಿಹಾರ ಅರಣ್ಯೀಕರಣ ನಿಧಿಗೆ. ಬಹಳ ವರ್ಷ ಬ್ಯಾಂಕಿನಲ್ಲಿ ಸುಮ್ಮನೆ ಬಿದ್ದಿತ್ತು. 2016ರಲ್ಲಿ ಕಾಯ್ದೆ ಆಗಿ, 2019ರಲ್ಲಿ ಕೇಂದ್ರ ರಾಜ್ಯಗಳಿಗೆ 47 ಸಾವಿರ ಕೋಟಿಗಿಂತ ಹೆಚ್ಚು ಕೊಡ್ತು. ಅಲ್ಲಿಂದ ಅರಣ್ಯ ಇಲಾಖೆಯ ಕೈಗೆ.

ಮಾವ: ಇಲಾಖೆ ನೆಟ್ಟದ್ದು ಅಕೇಶಿಯಾ. ಇಲ್ಲಿ ನೂರು ಜಾತಿಯ ಮರ ಕಡಿದು, ಇನ್ನೆಲ್ಲೋ ಒಂದೇ ಜಾತಿಯ ಕೋಲು ಸಾಲಾಗಿ ನಿಲ್ಲಿಸಿದ್ರೆ ಲೆಕ್ಕ ಚುಕ್ತಾ. ಕಡಿದ ಕಾಡಿನ ಪಕ್ಕದ ಊರಿಗೆ?

ಸೊಸೆ: ಹಕ್ಕು ಅಂತ ಏನೂ ಇಲ್ಲ.

ಮಾವ: ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಸೊಂಟದವರೆಗೆ ನೀರಿನಲ್ಲಿ ನಿಂತು ಚಿಪ್ಪೆಕಲ್ಲು ತೆಗೆಯೋ ಹೆಂಗಸರನ್ನ ನೋಡಿದೀಯಲ್ಲ. ಅವರಿಗೆ ಪಾಸ್‌ಬುಕ್ಕಿನಲ್ಲಿ ಕಾಣೋ ಸಂಬಳ ಇಲ್ಲ. ತದಡಿಯಲ್ಲಿ ಕಲ್ಲಿದ್ದಲಿನ ಸ್ಥಾವರ ತರ್ತೇವೆ, ಬಂದರು ತರ್ತೇವೆ ಅಂದವರ ಕಣ್ಣಿಗೆ ಆ ಗಜನಿ, ಆ ಕೆಸರು ಖಾಲಿ ಜಾಗ. 2024ರಲ್ಲಿ ಅದೇ ಅಳಿವೆ ರಾಮ್ಸರ್ ತಾಣ ಆಯಿತು. ಹೆಸರು ಬಂತು, ಸಂತೋಷ. ಚಿಪ್ಪಿನ ರೇಟು ನಾಲ್ಕಾಣೆ ಏರಲಿಲ್ಲ.

ಸೊಸೆ: ಈಗ ನಾನೊಂದು ಕೇಳ್ತೇನೆ, ಬೇಜಾರಾಗಬೇಡಿ. ಬೇಡ್ತಿ ಅಣೆಕಟ್ಟು ಬೇಡ ಅಂದ ನೀವು, ಕಸ್ತೂರಿರಂಗನ್ ವರದಿಯೂ ಬೇಡ ಅಂತ ಪಂಚಾಯ್ತಿ ಸಭೆಯಲ್ಲಿ ಕೈ ಎತ್ತಿದ್ರಿ. ಅದು ಘಟ್ಟ ಉಳಿಸೋ ವರದಿ. ಕರ್ನಾಟಕದಲ್ಲಿ 20,668 ಚದರ ಕಿಲೋಮೀಟರು ಸೂಕ್ಷ್ಮ ಪ್ರದೇಶ ಅಂತ 2013ರಲ್ಲೇ ಗುರುತಿಸಿತ್ತು. ಕೇಂದ್ರ ಕರಡು ಮೇಲೆ ಕರಡು ಹೊರಡಿಸ್ತು, ಆರನೆಯದು 2024ರ ಜುಲೈಯಲ್ಲಿ. ಸೆಪ್ಟೆಂಬರಿನಲ್ಲಿ ನಮ್ಮ ಸರ್ಕಾರ ಒಪ್ಪೋದಿಲ್ಲ ಅಂತು. ವರದಿಯಲ್ಲಿ ನಿಷೇಧ ಇದ್ದದ್ದು ಗಣಿ, ಕ್ವಾರಿ, ಉಷ್ಣ ಸ್ಥಾವರ, ಭಾರೀ ಕಟ್ಟಡ ಇಂಥವಕ್ಕೆ. ನಿಮ್ಮ ಕೊಟ್ಟಿಗೆಗೆ ಅಲ್ಲ.

ಮಾವ: ಓದಿದೋರು ಹಾಗೆ ಹೇಳ್ತಾರೆ. ನಮಗೆ ಅದನ್ನ ಓದಿ ಹೇಳಿದೋರು ಯಾರು? ಚುನಾವಣೆಗೆ ನಿಂತೋರು. ಮನೆ ಮಾಡು ದುರಸ್ತಿ ಮಾಡೋಕೂ ದಿಲ್ಲಿಗೆ ಹೋಗಬೇಕು ಅಂದ್ರು, ನಂಬಿದ್ವಿ. ಪೂರ್ತಿ ಸುಳ್ಳು ಅಂತ ಆಮೇಲೆ ಗೊತ್ತಾಯ್ತು. ಆದರೂ ಕೈ ಇಳಿಸಲಿಲ್ಲ ನಾನು, ಯಾಕೆ ಹೇಳು. ಆ ವರದಿಯಲ್ಲಿ ಏನು ಮಾಡಬಾರದು ಅನ್ನೋ ಪಟ್ಟಿ ಊರಿನವರ ಬಾಯಿಗೆಲ್ಲ ಬಂದಿತ್ತು. ಮಾಡದೇ ಇದ್ದೋನಿಗೆ ಏನು ಕೊಡ್ತೇವೆ ಅನ್ನೋದನ್ನ ಒಬ್ಬರೂ ಹೇಳಲಿಲ್ಲ.

ಸೊಸೆ: ಕೊಡೋ ದಾರಿ ಇದೆ ಮಾವ. ಕೇಂದ್ರದ ತೆರಿಗೆಯನ್ನ ರಾಜ್ಯಗಳಿಗೆ ಹಂಚುವಾಗ ಕಾಡಿಗೂ ಒಂದು ಪಾಲಿದೆ. ಹದಿನಾಲ್ಕನೇ ಹಣಕಾಸು ಆಯೋಗ ಶೇಕಡಾ 7.5ರ ತೂಕ ಕೊಡ್ತು, ಹದಿನೈದನೆಯದು ಅದನ್ನ 10ಕ್ಕೆ ಏರಿಸ್ತು. ಅಂದ್ರೆ ನಿಮ್ಮ ಜಿಲ್ಲೆಯ ಕಾಡು ತೋರಿಸಿ ಬೆಂಗಳೂರು ದುಡ್ಡು ತಗೊಳ್ತದೆ.

ಮಾವ: ಆಹಾ! ಇದು ನನಗೆ ಗೊತ್ತಿರಲಿಲ್ಲ. ನಮ್ಮ ಪಂಚಾಯತಿಗೆ ಬಂದದ್ದು?

ಸೊಸೆ: ಕಾಡಿನ ಲೆಕ್ಕದಲ್ಲಿ ಬರೋದಿಲ್ಲ. ಕಾಡಿಗೆ ಮನೆ ಕಂದಾಯವೂ ಇಲ್ಲ, ಹಾಗಾಗಿ ಕಾಡು ಜಾಸ್ತಿ ಇದ್ದ ಪಂಚಾಯತಿಗೆ ವರಮಾನ ಕಡಿಮೆ. ಬ್ರೆಜಿಲ್‌ನ ಪರಾನಾ ರಾಜ್ಯದವರು ಇದನ್ನ ತೊಂಬತ್ತರ ದಶಕದ ಆರಂಭದಲ್ಲೇ ಸರಿ ಮಾಡ್ಕೊಂಡ್ರು. ಮಾರಾಟ ತೆರಿಗೆಯಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಹೋಗೋ ಪಾಲಿನ ಒಂದು ಭಾಗ, ಕಾಡು ಮತ್ತು ಜಲಮೂಲ ಕಾಯ್ದುಕೊಂಡ ಊರುಗಳಿಗೆ ಮೀಸಲು. ಮೊದಲು ಅಭಯಾರಣ್ಯ ಅಂದ್ರೆ ಹೆದರ್ತಿದ್ದ ಪುರಸಭೆಗಳು ಆಮೇಲೆ ತಾವೇ ಕೇಳೋಕೆ ಶುರು ಮಾಡಿದ್ವು.

ಮಾವ: ಇಲ್ಲಿ ಯಾರೂ ಆ ಮಾತು ಎತ್ತಲಿಲ್ವಾ?

ಸೊಸೆ: ಬೇರೆ ರೀತಿಯಲ್ಲಿ ಎತ್ತಿದ್ರು. ಘಟ್ಟದ ನದಿಗಳ ನೀರು ಕುಡಿಯೋ ಪೇಟೆಗಳ ನೀರಿನ ಬಿಲ್ಲಿಗೆ ತಿಂಗಳಿಗೆ ಎರಡು-ಮೂರು ರೂಪಾಯಿ ಹಸಿರು ಸೆಸ್ ಹಾಕೋ ಪ್ರಸ್ತಾವ ತಯಾರಿಸಿ ಅಂತ 2024ರ ನವೆಂಬರಿನಲ್ಲಿ ಅರಣ್ಯ ಸಚಿವರು ಅಧಿಕಾರಿಗಳಿಗೆ ಹೇಳಿದ್ರು. ಕೇಳಿದ ಕೂಡಲೇ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಗದ್ದಲ. ಮತ್ತೊಂದು ತೆರಿಗೆಯಾ ಅಂತ! ಬೇಸಿಗೆಯಲ್ಲಿ ಒಂದು ಟ್ಯಾಂಕರಿಗೆ ಸಾವಿರಗಟ್ಟಲೆ ಸುರಿಯೋ ಜನ ಅವರು. ಕೊಡಗಿನ ಕಾಡಿನಲ್ಲಿ ಹುಟ್ಟಿದ ಕಾವೇರಿಯನ್ನ ನೂರು ಕಿಲೋಮೀಟರು ಪಂಪ್ ಮಾಡಿ ತರೋ ಕರೆಂಟಿಗೆ ದುಡ್ಡು ಕೊಡ್ತೇವೆ, ಪೈಪಿಗೆ ಕೊಡ್ತೇವೆ, ಮೀಟರಿಗೆ ಕೊಡ್ತೇವೆ. ನೀರು ಹುಟ್ಟಿದ ಜಾಗಕ್ಕೆ ಕೊಡೋದಿಲ್ಲ.

ಮಾವ: ಮೂರು ರೂಪಾಯಿ ಕೊಡಲಿ, ಮೂವತ್ತು ಕೊಡಲಿ, ಅದೂ ಇಲಾಖೆಗೇ ಹೋಗೋದಾದ್ರೆ ಮತ್ತೆ ಅಕೇಶಿಯಾ.

ಸೊಸೆ: ನೇರ ನಿಮಗೇ ಬಂತು ಅಂತಿಟ್ಟುಕೊಳ್ಳಿ. ಬೆಟ್ಟ ಕಾಯ್ದದ್ದಕ್ಕೆ ವರ್ಷಕ್ಕಿಷ್ಟು ಅಂತ. ಐದು ವರ್ಷ ಬಿಟ್ಟು ಸರ್ಕಾರ ಬದಲಾಗಿ ದುಡ್ಡು ನಿಂತಿತು. ಆಗ?

ಮಾವ: ಇದು ಒಳ್ಳೇ ಪ್ರಶ್ನೆ. ಈಗ ನಾನು ಕೆಳಗಿನ ಬೆಟ್ಟ ಕಡೀದೇ ಇರೋದು ದುಡ್ಡಿಗಲ್ಲ. ಅಲ್ಲಿ ಚೌಡಿ ಬನ ಇದೆ, ಅಪ್ಪ ನೆಟ್ಟ ಮುರುಗಲು ಇದೆ, ಕಡಿದ್ರೆ ಊರಿನವರು ಏನಂತಾರೆ ಅನ್ನೋದಿದೆ. ಒಂದು ಸಲ ಸಂಬಳ ತಗೊಂಡು ಕಾಯ್ದೆ ಅಂತಾದ್ರೆ, ಸಂಬಳ ನಿಂತ ದಿನ ಕೊಡಲಿ ಎತ್ತೋಕೆ ನನಗೆ ನಾಚಿಕೆ ಕಡಿಮೆ ಆಗಬಹುದು. ನನಗೆ ಆಗದಿದ್ರೂ ಮಗನಿಗೆ ಆಗ್ತದೆ. ಅವನು ಪುಣೆಯಲ್ಲಿ ಕೂತು ತೋಟದ ಜೊತೆ ಬೆಟ್ಟಕ್ಕೂ ಗಿರಾಕಿ ಹುಡುಕ್ತಾನೆ.

ಸೊಸೆ: ಅದಕ್ಕೇ ಕೆಲವರು ಕೊಡೋದೇ ಬೇಡ ಅಂತಾರೆ.

ಮಾವ: ಕೊಡೋರು ಹಾಗೆ ಹೇಳ್ತಾರೆ, ಅವರಿಗೆ ಉಳಿತಾಯ. ನನ್ನ ಕೈಗೆ ಸಂಬಳ ಬೇಡ. ಊರಿಗೆ ಕೊಡಲಿ. ಒಬ್ಬ ಕಾವಲುಗಾರ, ಮಂಗನ ಪರಿಹಾರ ಆರು ತಿಂಗಳೊಳಗೆ, ಶಾಲೆಗೆ ಹೋಗೋ ಮಕ್ಕಳಿಗೆ ಹೊಳೆ ದಾಟೋಕೆ ಒಂದು ಕಾಲುಸಂಕ. ಆಮೇಲೆ ಇನ್ನೊಂದು. ನಿನ್ನ ಆಫೀಸಿನವರು ವರದಿ ಬರೀತಾರಲ್ಲ, ಅದರ ಕನ್ನಡ ಪ್ರತಿ ಸಾರ್ವಜನಿಕ ಸಭೆಗಿಂತ ಮೊದಲು ನಮಗೆ ಬರಬೇಕು.

ಸೊಸೆ: ಸಾರಾಂಶ ಕನ್ನಡದಲ್ಲಿ ಕೊಡಲೇಬೇಕು ಅಂತ ಪರಿಸರ ಪರಿಣಾಮ ವರದಿಯ 2006ರ ನಿಯಮದಲ್ಲೇ ಇದೆ.

ಮಾವ: ಕೊಡ್ತಾರೆ, ಹತ್ತು-ಹದಿನೈದು ಪುಟ. ಎಷ್ಟು ಜನಕ್ಕೆ ಕೆಲಸ ಸಿಗ್ತದೆ ಅಂತ ಇರ್ತದೆ. ಆ ಎಂಬತ್ತೈದು ಪೈಸೆಯ ಲೆಕ್ಕ ಅದರಲ್ಲಿ ಇರ್ತದಾ?

ಸೊಸೆ: ಇಲ್ಲ. ಅದು ಇಂಗ್ಲಿಷ್ ವರದಿಯಲ್ಲೂ ಹಿಂದಿನ ಅನುಬಂಧದಲ್ಲಿ ಇರ್ತದೆ, ಇದ್ರೆ.

ಮಾವ: ಮುಂದೆ ತರಿಸು. ಮೊದಲನೇ ಪುಟಕ್ಕೆ. ಎಷ್ಟು ಬಡ್ಡಿ ಹಿಡಿದಿದೀರಿ, ಯಾಕೆ ಅಷ್ಟೇ ಹಿಡಿದಿರಿ, ಕಡಿಮೆ ಹಿಡಿದಿದ್ರೆ ಏನಾಗ್ತಿತ್ತು. ಅಡಿಕೆ ಮಾರೋ ಊರು ಇದು, ಬಡ್ಡಿ ಅಂದ್ರೆ ಎಲ್ಲರಿಗೂ ಅರ್ಥ ಆಗ್ತದೆ.

ಸೊಸೆ: ಅದು ನನ್ನ ಕೈಲಿಲ್ಲ ಮಾವ.

ಮಾವ: ಯಾರ ಕೈಲಿದೆ?

ಸೊಸೆ: ನಮ್ಮ ಬಿಲ್ ಪಾಸು ಮಾಡೋರ ಕೈಲಿ. ಆದರೂ ಮುಂದಿನ ವರದಿಯಲ್ಲಿ ಮೂರು ದರದಲ್ಲೂ ಲೆಕ್ಕ ಹಾಕಿ ಒಂದು ಕೋಷ್ಟಕ ಸೇರಿಸಿ ಕಳಿಸ್ತೇನೆ. ಅವರು ಅದನ್ನ ತೆಗೆದ್ರೆ, ತೆಗೆದದ್ದು ಗೊತ್ತಾಗ್ತದೆ.

ಮಾವ: ಕಳಿಸೋ ಮೊದಲು ನನಗೊಂದು ಪ್ರತಿ ಹಾಕು. ಸೊಸೈಟಿಯಲ್ಲಿ ನಾಲ್ಕು ಜನ ಕೂತು ನೋಡ್ತೇವೆ. ಅಡಿಕೆಯ ಇಳುವರಿ ನೀವು ಯಾವಾಗಲೂ ಕಡಿಮೆ ಹಿಡೀತೀರಿ.